ರಾತ್ರಿ ಮಲಗದ ಕೂಸು

ತಿಕೋಟಾ, ಬಬಲೇಶ್ವರ ಭಾಗದಿಂದ ವಿಜಯಪುರದ ನಮ್ಮ ಚಿಕಿತ್ಸಾಲಯಕ್ಕೆ ಬರುವ ಬಾಣಂತಿಯರು ಮೊದಲು ಹೇಳುವುದು ಕೂಸಿನ ರಾತ್ರಿಯ ಅಳುವನ್ನೇ. ಬಹುಪಾಲು ಇದು ರೋಗವಲ್ಲ. ಹಗಲು ರಾತ್ರಿಗಳ ಭೇದವು ಶಿಶುವಿಗೆ ಮೂರು ತಿಂಗಳ ಸುಮಾರಿಗೆ ಮೂಡುತ್ತದೆ. ಅಲ್ಲಿಯವರೆಗೆ 2-3 ಗಂಟೆಗೊಮ್ಮೆ ಹಾಲಿಗಾಗಿ ಏಳುವುದು ಸಹಜ.

ಕಾಶ್ಯಪ ಸಂಹಿತೆಯ ವೇದನಾಧ್ಯಾಯವು ಮಾತು ಬಾರದ ಶಿಶುವಿನ ನೋವನ್ನು ಅದರ ಚೇಷ್ಟೆಗಳಿಂದಲೇ ಅರಿಯುವ ಕ್ರಮವನ್ನು ಬೋಧಿಸುತ್ತದೆ. ಆದ್ದರಿಂದ ಮೊದಲು ಕಾರಣವನ್ನು ಹುಡುಕಬೇಕು: ಹಸಿವೆಯೇ, ತೊಯ್ದ ಬಟ್ಟೆಯೇ, ವಾಯುವೇ, ಸೆಕೆಯೇ? ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟಿದಾಗಲೂ ಕೂಸಿಗೆ ಕುಂಚಿಗೆ, ಕುಲಾಯಿ ತೊಡಿಸುವುದುಂಟು. ಕತ್ತಿನ ಹಿಂಭಾಗ ಬೆವರಿದ್ದರೆ ಅವನ್ನು ತೆಗೆಯಿರಿ.

ಹಗಲು ಬೆಳಕಿನಲ್ಲಿರಿಸಿ ಮಾತನಾಡಿಸಿರಿ. ರಾತ್ರಿ ಮಂದ ಬೆಳಕಿನಲ್ಲಿ ಹಾಲೂಡಿಸಿ, ತೇಗು ತರಿಸಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿರಿ. ಮುಚ್ಚಿದ ಕೋಣೆಯಲ್ಲಿ ಕೆಂಡವಾಗಲಿ ಲೋಬಾನದ ಹೊಗೆಯಾಗಲಿ ಸಲ್ಲದು.

ನಿದ್ರೆಗೆಂದು ಅಫೀಮು, ಗಸಗಸೆ, ಜಾಜಿಕಾಯಿಗಳನ್ನು ತೇಯ್ದು ನೆಕ್ಕಿಸುವುದನ್ನು ಆಯುರ್ವೇದ ವೈದ್ಯರಾದ ನಾವೇ ಬೇಡವೆನ್ನುತ್ತೇವೆ. ಅಫೀಮು ಕೂಸಿನ ಉಸಿರನ್ನೇ ನಿಲ್ಲಿಸಬಲ್ಲದು. ಅಮಲನ್ನು ನಿದ್ರೆಯೆಂದು ಭ್ರಮಿಸಬಾರದು. ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ ಬಂದರೆ, ಯಾವುದೇ ಕೂಸು ಹಾಲು ಬಿಟ್ಟರೆ, ಹಸಿರು ವಾಂತಿ ಮಾಡಿದರೆ, ಉಸಿರಾಡಲು ಕಷ್ಟಪಟ್ಟರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿರಿ.

ಕೊನೆಯದಾಗಿ, ಮನೆಯ ಹಿರಿಯರಲ್ಲಿ ಹಾಗೂ ಕೂಸಿನ ತಂದೆಯಲ್ಲಿ ನಮ್ಮ ವಿನಂತಿ: ಹಾಲೂಡಿಸಿದ ಮೇಲೆ ಕೂಸನ್ನು ನೀವು ಎತ್ತಿಕೊಂಡು ಬಾಣಂತಿಗೆ ಎರಡು ತಾಸು ನಿದ್ರೆ ಕೊಡಿರಿ.