ಊರಿನ ಮಾಲು ತರಿಸುವ ಮುನ್ನ ಲೆಕ್ಕ



ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕೆಂದು ನಮ್ಮ ಸಂವಿಧಾನದ 301ನೇ ವಿಧಿ ಹೇಳುತ್ತದೆ. ಆದರೆ ಮುಂಬಯಿಯಲ್ಲಿ ಹೋಟೆಲು ನಡೆಸುವ ನಾವು ಕಂಡದ್ದು ಬೇರೆ. ಊರಿನಿಂದ ಹೊರಟ ಲಾರಿ ರಾಜ್ಯದ ಗಡಿಯಲ್ಲಿ ಒಮ್ಮೆ ನಿಲ್ಲಬೇಕಿತ್ತು, ನಗರದ ಬಾಗಿಲಲ್ಲಿ ಜಕಾತಿ ನಾಕಾದಲ್ಲಿ ಇನ್ನೊಮ್ಮೆ. ಬಿಲ್ಲಿನಲ್ಲಿ ಕೇಂದ್ರ ಮಾರಾಟ ತೆರಿಗೆ ಬೇರೆ. ಹಾಗಾಗಿ ಊರಿನ ಮಾಲಾದರೂ ಇಲ್ಲಿಯ ಮಾರುಕಟ್ಟೆಯಲ್ಲೇ ಕೊಳ್ಳುತ್ತಿದ್ದೆವು.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಕೇಂದ್ರ ಮಾರಾಟ ತೆರಿಗೆ, ಮುಂಬಯಿಯ ಜಕಾತಿ ಎರಡೂ ಹೋದವು. ಈಗ ಮಹಾರಾಷ್ಟ್ರದಲ್ಲೇ ಕೊಂಡರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಸಾಲು. ಕರ್ನಾಟಕದಿಂದ ತರಿಸಿದರೆ ಐಜಿಎಸ್‌ಟಿ ಎಂಬ ಒಂದೇ ಸಾಲು. ಒಟ್ಟು ತೆರಿಗೆ ಒಂದೇ. ನಮ್ಮಲ್ಲಿ ಹೆಚ್ಚಿನವರು 5 ಶೇಕಡಾ ಪದ್ಧತಿಯಲ್ಲಿದ್ದೇವೆ. ಅದರಲ್ಲಿ ಖರೀದಿಗೆ ಕೊಟ್ಟ ತೆರಿಗೆ ವಾಪಸು ಸಿಗುವುದಿಲ್ಲ, ಎಲ್ಲಿ ಕೊಂಡರೂ ಅದು ಖರ್ಚೇ. ಆದ್ದರಿಂದ ದರ ಮತ್ತು ಸಾಗಾಣಿಕೆಯನ್ನಷ್ಟೇ ಹೋಲಿಸಿದರೆ ಸಾಕೆಂದು ನಾವು ತಿಳಿದೆವು.

ಒಂದು ಉದಾಹರಣೆ ನೋಡೋಣ. ಬ್ಯಾಡಗಿ ಮೆಣಸು ಇಲ್ಲಿ ಕಿಲೋಗೆ 300 ರೂಪಾಯಿ, ತೆರಿಗೆ 5 ಶೇಕಡಾ ಸೇರಿ 315 ಎನ್ನಿ. ಅಲ್ಲಿ 270, ತೆರಿಗೆ ಸೇರಿ 283.50, ಲಾರಿ ಬಾಡಿಗೆ 12, ಒಟ್ಟು 295.50. ಕಿಲೋಗೆ 19.50 ಉಳಿಯಿತು. 200 ಕಿಲೋಗೆ 3,900 ರೂಪಾಯಿ.

ಇಂಥ ಲೆಕ್ಕ ನೋಡಿ ಸಂತೋಷದಿಂದ ನಾವೂ ಒಮ್ಮೆ ಹೆಚ್ಚಾಗಿ ತರಿಸಿದೆವು. ಮಳೆಗಾಲದಲ್ಲಿ ಕೊನೆಯ ಮೂಟೆಗೆ ಬೂಸು ಹಿಡಿಯಿತು, ಉಳಿತಾಯವೆಲ್ಲ ಅದರಲ್ಲೇ ಹೋಯಿತು. ಇಲ್ಲಿಯ ವ್ಯಾಪಾರಿ ತಿಂಗಳ ಉದ್ರಿ ಕೊಡುತ್ತಾನೆ, ಕೆಟ್ಟ ಮಾಲು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಅದಕ್ಕೂ ಬೆಲೆಯಿದೆ ಎಂಬುದನ್ನು ನಾವು ಮರೆತಿದ್ದೆವು.

ಆದ್ದರಿಂದ ಆರ್ಡರು ಕೊಡುವ ಮುನ್ನ ಇಷ್ಟು ನೋಡಿಕೊಳ್ಳಿ:

1. ಎರಡು ತಿಂಗಳಲ್ಲಿ ಖರ್ಚಾಗುವಷ್ಟೇ ಮಾಲು ತರಿಸಿ.
2. ಮುಂಗಡ ಹಣದ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.
3. ಜಿಎಸ್‌ಟಿ ನಂಬರಿರುವ ಪಕ್ಕಾ ಬಿಲ್ಲು ಕೇಳಿ.
4. ತೆರಿಗೆ ಸೇರಿ ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲು ಬೇಕು. ಮೇಲಿನ 200 ಕಿಲೋ ಮೆಣಸು 56,700 ಆಗುತ್ತದೆ.
5. ಸಾಧ್ಯವಾದರೆ ನಾಲ್ಕೈದು ಹೋಟೆಲಿನವರು ಒಂದೇ ಲಾರಿಯಲ್ಲಿ ತರಿಸಿ. ಬಿಲ್ಲು ಮಾತ್ರ ಅವರವರ ಹೆಸರಿಗೆ ಬೇರೆ ಬೇರೆ ಇರಲಿ.

ನಾಕಾ ಹೋಯಿತು, ದಾರಿ ತೆರೆಯಿತು. ಆದರೆ ಊರಿನ ಮಾಲೆಂಬ ಅಭಿಮಾನ ಒಂದೇ ಸಾಲದು, ಲೆಕ್ಕವೂ ಕೂಡಿ ಬರಬೇಕು.