ಬಿಸಿಲು ಪುಕ್ಕಟೆ, ಯಂತ್ರ ಪುಕ್ಕಟೆಯಲ್ಲ: ಸೋಲಾರ್ ಹಾಕಿಸುವವರಿಗೊಂದು ಪಾಠ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮಗೆ ಮಳೆ ಕೈಕೊಟ್ಟರೂ ಬಿಸಿಲು ಎಂದೂ ಕೈಕೊಟ್ಟಿಲ್ಲ. ಒಂದು ಚದರ ಮೀಟರು ಜಾಗದ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್ಟಿಗೂ ಮಿಕ್ಕಿ ಶಕ್ತಿ ಬೀಳುತ್ತದೆ. ಮಠಕ್ಕೆ ಬರುವ ಭಕ್ತರು "ಮಾಳಿಗಿ ಮ್ಯಾಲ ಸೋಲಾರ್ ಹಾಕಸೋಣೇನ್ರಿ?" ಎಂದು ಕೇಳುವುದು ಈಚೆಗೆ ಹೆಚ್ಚಾಗಿದೆ. ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮೊದಲು ನಾವು ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು.

ನಮ್ಮ ತಪ್ಪು

ಶ್ರೀಮಠದ ಪ್ರಸಾದ ನಿಲಯದ ಮಕ್ಕಳ ಸ್ನಾನಕ್ಕೆಂದು ಭಕ್ತರ ದೇಣಿಗೆಯಲ್ಲಿ 500 ಲೀಟರಿನ ಬಿಸಿನೀರಿನ ಯಂತ್ರ ಕೂರಿಸಿದೆವು. ಮೂರು ಕೊಟೇಶನ್ ತರಿಸಿ, ಎಲ್ಲಕ್ಕಿಂತ ಕಡಿಮೆ ದರದ್ದಕ್ಕೆ ಸಹಿ ಹಾಕಿದೆವು. ಲೆಕ್ಕ ಓದಿದವರು ನಾವು, ದರ ನೋಡಿದೆವು; ನೀರು ನೋಡಲಿಲ್ಲ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ನೀರು ಉಗುರು ಬೆಚ್ಚಗೂ ಬಾರದಾಯಿತು. ಬಿಚ್ಚಿ ನೋಡಿದರೆ ತಾಮ್ರದ ಕೊಳವೆಗಳೊಳಗೆ ಬಿಳಿ ಸುಣ್ಣ ಕಟ್ಟಿ, ಕಡ್ಡಿ ತೂರುವಷ್ಟೇ ದಾರಿ ಉಳಿದಿತ್ತು. ಜನವರಿಯ ಚಳಿಯಲ್ಲಿ ಮಕ್ಕಳು ಮತ್ತೆ ತೊಗರಿ ಕಟ್ಟಿಗೆ ತಂದು ಹಂಡೆಗೆ ಉರಿ ಹಾಕಿದರು. ಭಕ್ತರ ಹಣ ಮಾಳಿಗೆಯ ಮೇಲೆ ಸುಮ್ಮನೆ ಕುಳಿತಿತ್ತು. ಮಾರಿದವರನ್ನು ದೂರಿ ಫಲವಿಲ್ಲ. ಕೇಳಬೇಕಾದ್ದನ್ನು ನಾವು ಕೇಳಿರಲಿಲ್ಲ.

ಮೊದಲು ನೀರು ನೋಡಿ

ನಿಮ್ಮ ಬೋರಿನ ನೀರಿನಲ್ಲಿ ಸಾಬೂನು ನೊರೆ ಬಾರದಿದ್ದರೆ, ಬೇಳೆ ಬೇಗ ಬೇಯದಿದ್ದರೆ, ನೀರು ಕಾಯಿಸಿದ ಪಾತ್ರೆಗೆ ಬಿಳಿ ಹೊರೆ ಕಟ್ಟಿದರೆ ಅದು ಗಡಸು ನೀರು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೆಯದು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600ರ ವರೆಗೆ ಒಪ್ಪುತ್ತದೆ. 200 ದಾಟಿದ ನೀರನ್ನು ಸಾದಾ ತಾಮ್ರದ ಕೊಳವೆಯ ಯಂತ್ರಕ್ಕೆ ಬಿಡಬಾರದು. 'ಹೀಟ್ ಎಕ್ಸ್‌ಚೇಂಜರ್' ಇರುವ ಯಂತ್ರ ಕೇಳಿ. ಅದರಲ್ಲಿ ಬೇರೆ ಶುದ್ಧ ನೀರು ಕೊಳವೆಯೊಳಗೇ ಸುತ್ತಿ ಬಿಸಿಯಾಗಿ, ಆ ಕಾವನ್ನು ತೊಟ್ಟಿಯ ನೀರಿಗೆ ಕೊಡುತ್ತದೆ; ಗಡಸು ನೀರು ಕೊಳವೆಗೆ ಇಳಿಯುವುದೇ ಇಲ್ಲ. ಗಾಜಿನ ಕೊಳವೆಯ ಯಂತ್ರ ಅಗ್ಗ, ತೊಳೆಯಲೂ ಬರುತ್ತದೆ. ಆದರೆ ಅದರೊಳಗೂ ಸುಣ್ಣ ಕೂಡುತ್ತದೆ, ಆಣೆಕಲ್ಲಿಗೆ ಗಾಜು ಒಡೆಯುವ ಭಯವೂ ಇದೆ.

ಬಿಸಿನೀರಿನ ಲೆಕ್ಕ

20 ಡಿಗ್ರಿಯ 100 ಲೀಟರು ನೀರನ್ನು 60 ಡಿಗ್ರಿಗೆ ಕಾಯಿಸಲು ಸುಮಾರು 4.6 ಯೂನಿಟ್ ಕರೆಂಟು ಬೇಕು. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ದಿನಕ್ಕೆ ಸುಮಾರು 37 ರೂ. ವರ್ಷದಲ್ಲಿ 250 ದಿನ ಬಿಸಿನೀರು ಬೇಕಾದರೆ 9,250 ರೂ. ನಿಮ್ಮ ಬಿಲ್ಲಿನ ದರ ಹಾಕಿ ನೀವೇ ಗುಣಿಸಿ, ಯಂತ್ರದ ಬೆಲೆಯನ್ನು ಅದರಿಂದ ಭಾಗಿಸಿ. ಎಷ್ಟು ವರ್ಷಕ್ಕೆ ಅಸಲು ಬಂದೀತೆಂದು ತಿಳಿಯುತ್ತದೆ. ಕಟ್ಟಿಗೆ ಉರಿಸುವ ಮನೆಯವರು ಕಟ್ಟಿಗೆಯ ಬೆಲೆಯ ಜೊತೆಗೆ ತಾಯಂದಿರು ಕುಡಿಯುವ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೂರಿಸುವಾಗ ಮೂರು ಮಾತು. ತಣ್ಣೀರಿನ ಟಾಕಿ ಯಂತ್ರಕ್ಕಿಂತ ಎತ್ತರದಲ್ಲಿರಬೇಕು. ಗಾಳಿ ಹೋಗುವ ಕೊಳವೆಯನ್ನು ಎಂದೂ ಮುಚ್ಚಬಾರದು. ಮಣ್ಣಿನ ಮಾಳಿಗೆಯಾದರೆ ಗವಂಡಿಗೆ ತೋರಿಸದೆ ಇಡಬಾರದು. 200 ಲೀಟರೆಂದರೆ ನೀರಿನ ಭಾರವೇ 200 ಕಿಲೋ.

ಕರೆಂಟಿನ ಹಲಗೆ ಬೇರೆ

ಹಲಗೆಯಲ್ಲಿ ಕರೆಂಟಾಗುವುದು ಬಿಸಿಲಿನ ಬೆಳಕು, ಕಾವಲ್ಲ. ಹಲಗೆ 25 ಡಿಗ್ರಿಗಿಂತ ಬಿಸಿಯಾದಂತೆಲ್ಲ ಡಿಗ್ರಿಗೆ ಸುಮಾರು ಶೇ. 0.3ರಿಂದ 0.4 ಉತ್ಪನ್ನ ಇಳಿಯುತ್ತದೆ. ನಮ್ಮ ಮೇ ತಿಂಗಳಲ್ಲಿ ಹಲಗೆ 60 ಡಿಗ್ರಿ ಮುಟ್ಟಿದಾಗ ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲು ಹೋಯಿತೆಂದೇ ತಿಳಿಯಿರಿ. ಆದ್ದರಿಂದ ತಗಡಿಗೆ ಅಂಟಿಸಿ ಕೂರಿಸದೆ ಕೆಳಗೆ ಗಾಳಿ ಆಡುವಂತೆ ಎತ್ತರಿಸಬೇಕು.

ಮುಖ ದಕ್ಷಿಣಕ್ಕಿರಲಿ. ನಮ್ಮ ಸೀಮೆ 17ನೆಯ ಅಕ್ಷಾಂಶದ ಆಸುಪಾಸಿನಲ್ಲಿದೆ. ಹಲಗೆಯ ಓರೆಯೂ ಅಷ್ಟೇ ಡಿಗ್ರಿ ಸಾಕು. ಬಿಸಿನೀರು ಹೆಚ್ಚು ಬೇಕಾಗುವುದು ಚಳಿಗಾಲದಲ್ಲಿ, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಅದಕ್ಕೇ ಬಿಸಿನೀರಿನ ಯಂತ್ರವನ್ನು 30 ಡಿಗ್ರಿಯಷ್ಟು ಓರೆ ಮಾಡುತ್ತಾರೆ.

1 ಕಿಲೋವ್ಯಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಟಾಕಿ, ತೆಂಗು, ಪಕ್ಕದ ಗೋಡೆ ಇವುಗಳ ನೆರಳು ಒಂದು ಹಲಗೆಯ ಮೇಲೆ ಬಿದ್ದರೂ ಅದರೊಡನೆ ಜೋಡಿಸಿದ ಉಳಿದ ಹಲಗೆಗಳೂ ಸೊರಗಬಹುದು. ದೂಳನ್ನು ಬೆಳಗಿನ ತಂಪಿನಲ್ಲಿ, ಆದರೆ ಮಳೆನೀರಿನಿಂದ, ಒರೆಸಿ. ಗಡಸು ನೀರು ಇಲ್ಲಿಯೂ ಕಲೆ ಬಿಡುತ್ತದೆ.

ಬಹಳ ಜನ ಮೋಸಹೋಗುವ ಮಾತೊಂದಿದೆ. ಬ್ಯಾಟರಿಯಿಲ್ಲದೆ ಊರ ಲೈನಿಗೆ ಜೋಡಿಸಿದ ಸೋಲಾರ್, ಲೈನು ಹೋದೊಡನೆ ತಾನೂ ನಿಲ್ಲುತ್ತದೆ. ತಂತಿಯ ಮೇಲೆ ಕೆಲಸ ಮಾಡುವವರ ಜೀವ ಉಳಿಯಲೆಂದೇ ಹಾಗೆ ಮಾಡಿದ್ದಾರೆ. ಕರೆಂಟು ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿಯ ಖರ್ಚು ಬೇರೆ. ಅರ್ಥಿಂಗ್, ಸಿಡಿಲು ತಡೆಯುವ ಕಂಬಿ ಇವುಗಳಲ್ಲಿ ಕೈ ಬಿಗಿ ಹಿಡಿಯಬೇಡಿ.

ಸರ್ಕಾರದ ನೆರವು

2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟು 78,000 ರೂ. ಸಹಾಯಧನ ಗೊತ್ತುಮಾಡಿದ್ದಾರೆ. ಇದು ಅಂಗಡಿ, ಗಿರಣಿಗಳಿಗಿಲ್ಲ. ಬಿಸಿನೀರಿನ ಯಂತ್ರಕ್ಕೂ ಇಲ್ಲ. ವ್ಯಾಪಾರಸ್ಥರು ಆದಾಯ ತೆರಿಗೆಯಲ್ಲಿ ಸವಕಳಿ ಪಡೆಯಬಹುದು, ತಮ್ಮ ಲೆಕ್ಕಪರಿಶೋಧಕರನ್ನು ಕೇಳಬೇಕು. ರೈತರಿಗೆ ಮಹಾರಾಷ್ಟ್ರ ಸರ್ಕಾರ 2024ರಲ್ಲಿ ತಂದ ಸೌರ ಪಂಪಿನ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತನ ಪಾಲು ಶೇ. 10. ಪಂಪು ಹಗಲಷ್ಟೇ ನೀರೆತ್ತುವುದರಿಂದ ಹೊಲದಲ್ಲೊಂದು ಹೊಂಡವಿದ್ದರೆ ಅದೇ ನಿಮ್ಮ ಬ್ಯಾಟರಿ. ಅರ್ಜಿ ಹಾಕುವ ಮುನ್ನ ಆಗಿನ ನಿಯಮಗಳನ್ನು ವಿಚಾರಿಸಿಕೊಳ್ಳಿ.

ಕೊನೆಯ ಮಾತು

ಸಹಾಯಧನ ಇದೆಯೆಂದು ಬೇಡದಷ್ಟು ದೊಡ್ಡದನ್ನು ಹಾಕಿಸಬೇಡಿ. ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟುಕೊಂಡು ಅಗತ್ಯ ತಿಳಿಯಿರಿ. ನೀರು, ನೆರಳು, ಮಾಳಿಗೆ ಇವು ಮೂರನ್ನು ಪರೀಕ್ಷಿಸಿ, ಆಮೇಲೆ ದರ ಕೇಳಿ. ರಿಪೇರಿಗೆ ಯಾರು, ಎಷ್ಟು ದಿನದಲ್ಲಿ ಬರುತ್ತಾರೆಂದು ಬರೆಸಿಕೊಳ್ಳಿ. ಹಾಕಿಸಿದ ಮೇಲೆ ತಿಂಗಳ ಮೊದಲ ದಿನ ಮೀಟರಿನ ಅಂಕಿ ಒಂದು ವಹಿಯಲ್ಲಿ ಬರೆದಿಡಿ. ಇಳಿದರೆ ಕೂಡಲೇ ಗೊತ್ತಾಗುತ್ತದೆ.

ನಿಲಯದಲ್ಲಿ ಈಗ ಹೀಟ್ ಎಕ್ಸ್‌ಚೇಂಜರ್ ಇರುವ ಯಂತ್ರ ಕೂಡಿಸಿದ್ದೇವೆ, ಮಕ್ಕಳಿಗೆ ಬಿಸಿನೀರು ಸಿಗುತ್ತಿದೆ. ಸುಣ್ಣ ಕಟ್ಟಿದ ಹಳೆಯ ಕೊಳವೆಯ ತುಂಡೊಂದನ್ನು ಮಠದ ಕಚೇರಿಯಲ್ಲಿ ಇಟ್ಟಿದ್ದೇವೆ. ಸೋಲಾರ್ ಹಾಕಿಸಬೇಕೆಂದಿರುವ ಭಕ್ತರು ಪ್ರಸಾದಕ್ಕೆ ಬಂದಾಗ ಅದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ ಹೋಗಬೇಕೆಂದು ವಿನಂತಿ.