ಹಾರ್ಡ್‌ಡಿಸ್ಕಿನ ಹಲ್ಲು ಎಣಿಸುವ ಬಗೆ

ಪ್ರಶ್ನೆ: ಸಿಂದಗಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಮುಚ್ಚಿಹೋದ ತರಬೇತಿ ಕೇಂದ್ರವೊಂದರಿಂದ ಹನ್ನೆರಡು ಹಳೆ ಸಿಪಿಯು ಒಟ್ಟಿಗೆ ಕೊಂಡಿದ್ದೇನೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಅಂಗಡಿಯವರೂ ಪಾರ್ಟ್ಸ್ ಕೇಳುತ್ತಾರೆ. ಇಡಿಯಾಗಿ ಮಾರಲೋ, ಬಿಚ್ಚಿ ಮಾರಲೋ? ದರ ಹೇಗೆ ಕಟ್ಟಬೇಕು?

ಉತ್ತರ: ಕೊಂಡ ಬೆಲೆಯನ್ನು ಮೊದಲು ಮರೆತುಬಿಡಿ. ಹನ್ನೆರಡಕ್ಕೆ ನೀವೆಷ್ಟು ಎಣಿಸಿದಿರಿ ಎಂಬುದು ಗಿರಾಕಿಗೆ ಬೇಕಿಲ್ಲ. ಹಿಂದೆ ಆ ಕೇಂದ್ರದವರು ಹೊಸದಕ್ಕೆ ಎಷ್ಟು ಕೊಟ್ಟಿದ್ದರು ಎಂಬುದಂತೂ ಬೇಡವೇ ಬೇಡ. ಇದೇ ಕೆಲಸ ಮಾಡುವ ಹೊಸ ವಸ್ತು ಇವತ್ತು ಎಷ್ಟಕ್ಕೆ ಸಿಗುತ್ತದೆ ಎಂಬುದಷ್ಟೇ ಅವನ ಲೆಕ್ಕ. ಮೂರು ವರ್ಷ ವಾರಂಟಿಯ ಸಣ್ಣ ಎಸ್‌ಎಸ್‌ಡಿ ಸಿಗುವಾಗ ನಿಮ್ಮ 500 ಜಿಬಿ ಹಾರ್ಡ್‌ಡಿಸ್ಕ್ ಅದರ ಅರ್ಧ ಬೆಲೆಗೂ ಏರುವುದು ಕಷ್ಟ.

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ನೀವೂ ಹೋಗಿರುತ್ತೀರಿ. ಟವೆಲ್ ಮರೆಯಲ್ಲಿ ಬೆರಳು ಹಿಡಿಯುವುದು ಆಮೇಲೆ, ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಹಾರ್ಡ್‌ಡಿಸ್ಕಿಗೂ ಹಲ್ಲುಂಟು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ತಂತ್ರಾಂಶ ಹಾಕಿದರೆ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ನಡೆದ ತರಗತಿಯ ಯಂತ್ರವಾದರೆ ಐದು ವರ್ಷಕ್ಕೆ 12,000 ಗಂಟೆ. ಅದೇ 26,000 ಗಂಟೆ ಎಂದಿದ್ದರೆ, ಅದು ಹಗಲು ರಾತ್ರಿ ಸಿಸಿಟಿವಿ ಡಬ್ಬಿಯಲ್ಲಿ ಮೂರು ವರ್ಷ ದುಡಿದು ಬಂದ ಮಾಲಿರಬಹುದು. ಹಾಳಾದ ಜಾಗದ ಬದಲಿಗೆ ಬಳಸಿದ ಸೆಕ್ಟರ್‌ಗಳ ಲೆಕ್ಕವೂ ಅಲ್ಲೇ ಇರುತ್ತದೆ. ಅದು ಸೊನ್ನೆ ಇಲ್ಲದಿದ್ದರೆ ಆ ಡಿಸ್ಕಿಗೆ ದರ ಕಟ್ಟುವ ಮಾತೇ ಬೇಡ. ತೆರೆಯ ಫೋಟೊ ತೆಗೆದು ಗಿರಾಕಿಗೆ ಕಳಿಸಿಬಿಡಿ, ಅರ್ಧ ಚೌಕಾಸಿ ಅಲ್ಲೇ ಮುಗಿಯುತ್ತದೆ. ಈ ಗಂಟೆಗಳನ್ನೂ ಅಳಿಸಿ ಹೊಸದೆಂದು ಮಾರುವವರಿದ್ದಾರೆ. ಹಾಗಾಗಿ ನೀವು ಕೊಳ್ಳುವಾಗ ಸೊನ್ನೆ ಗಂಟೆಯ ‘ಹಳೆ’ ಡಿಸ್ಕ್ ಕಂಡರೆ ಖುಷಿಪಡಬೇಡಿ.

ಇನ್ನು ಡಬ್ಬಿಗಳು. ‘ಐ5 ಐತ್ರಿ’ ಅನ್ನುವ ಮಾತಿಗೆ ಈಗ ಬೆಲೆಯಿಲ್ಲ, ಎಷ್ಟನೇ ಜನರೇಷನ್ ಎಂದು ಕೇಳಬೇಕು. 4570 ಎಂದಿದ್ದರೆ ನಾಲ್ಕನೆಯದು, 8400 ಎಂದಿದ್ದರೆ ಎಂಟನೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಷನ್ನಿಂದ ಈಚಿನದನ್ನೇ ಕೇಳುತ್ತದೆ. ಒಂದೇ ಹೆಸರಿನ ಎರಡು ಯಂತ್ರಗಳ ನಡುವೆ ಹೀಗೆ ಗೋಡೆ ಎದ್ದಿದೆ. ಎಂಟರಿಂದ ಈಚಿನವನ್ನು ಬಿಚ್ಚಬೇಡಿ, ಎಸ್‌ಎಸ್‌ಡಿ ಹಾಕಿ ಇಡಿಯಾಗಿ ಮಾರಿ. ನಾಲ್ಕನೆಯದು ತಿಪ್ಪೆಗೆ ಹೋಗಬೇಕಿಲ್ಲ. ಪೇಜ್‌ಮೇಕರಿನಲ್ಲಿ ನುಡಿ ಫಾಂಟ್ ಹಾಕಿ ಲಗ್ನಪತ್ರಿಕೆ ಮಾಡುವವರಿಗೆ ಇಂಟರ್ನೆಟ್ಟಿಗೆ ತಗಲಿಸದ ಹಳೆ ಯಂತ್ರವೇ ಇಷ್ಟ. ಹೊಸದರಲ್ಲಿ ಅದು ಸರಿಯಾಗಿ ಓಡುವುದಿಲ್ಲ ಎಂಬ ಭಯ ಅವರಿಗೆ.

ಯಾವುದೋ ಭಾಗ ಸತ್ತು ಇಡಿಯಾಗಿ ಮಾರಲಾಗದ್ದನ್ನು ಮಾತ್ರ ಬಿಚ್ಚಿ. ಸಾಮಾನ್ಯವಾಗಿ ಪ್ರೊಸೆಸರಿಗಿಂತ ಮೊದಲು ಬೋರ್ಡ್ ಸಾಯುತ್ತದೆ. ಆದ್ದರಿಂದ ಹಳೆ ಪ್ರೊಸೆಸರ್ ಪೇಟೆ ತುಂಬಾ ಬಿದ್ದಿರುತ್ತವೆ, ಓಡುವ ಬೋರ್ಡಿಗೆ ಗಿರಾಕಿ ಹುಡುಕಿಕೊಂಡು ಬರುತ್ತಾನೆ. ದರ ಹೇಳುವ ಮೊದಲು ಸಾಕೆಟ್ಟಿಗೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಪಿನ್ನುಗಳೆಲ್ಲ ಒಂದೇ ಸಮ ಹೊಳೆಯಬೇಕು. ನಡುವೆ ಒಂದು ಕಪ್ಪಾಗಿ ಕಂಡರೆ ಅದು ಬಾಗಿದೆ. ಎಸ್‌ಎಂಪಿಎಸ್ ಬಿಡಿಯಾಗಿ ಮಾರುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಬೇಸಿಗೆಯ ಕಾವು, ಏರಿಳಿಯುವ ಕರೆಂಟು, ತೊಗರಿ ಸುಗ್ಗಿಯ ಧೂಳು ಉಂಡು ಬಂದದ್ದು ಅದು. ನಾಳೆ ಸುಟ್ಟರೆ ಗಿರಾಕಿಯ ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ.

ಹಳೆಯದೆಂದರೆ ಬೆಲೆ ಇಳಿಯಲೇಬೇಕು ಎಂದೇನಿಲ್ಲ. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಕಾರ್ಖಾನೆಗಳು ಮುಳುಗಿದಾಗ ಇಲ್ಲಿ ಹಾರ್ಡ್‌ಡಿಸ್ಕ್ ದರ ಜಿಗಿದಿತ್ತು. ಇದಕ್ಕೆ ಉಲ್ಟಾ, 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ ಮೈನಿಂಗ್ ನಿಂತಾಗ ಹಳೆ ಗ್ರಾಫಿಕ್ಸ್ ಕಾರ್ಡ್‌ಗಳು ಪೇಟೆಗೆ ನುಗ್ಗಿದವು. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ರ‍್ಯಾಮ್ ದರ ಏರಿತು. ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಡಿಡಿಆರ್4 ರ‍್ಯಾಮ್ ಸಿಕ್ಕಿದ್ದರೆ ಮೊದಲು ಕೇಳಿದವನಿಗೆ ಕೊಡಬೇಡಿ. ಮಾರುವ ದಿನ ಬೆಳಿಗ್ಗೆ ಬೆಂಗಳೂರಿನ ಎಸ್.ಪಿ. ರೋಡಿನ ಪರಿಚಯದವರಿಗೊಂದು ಫೋನ್ ಮಾಡಿ. ಕೊಡುವ ಮೊದಲು ರ‍್ಯಾಮ್ ಪಟ್ಟಿಯ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ.

ದರಕ್ಕಿಂತ ದೊಡ್ಡದು ವಾಪಸಿನ ಮಾತು. ಹತ್ತು ರ‍್ಯಾಮಿನಿಂದ ನಿಮಗೆ 5,000 ರೂಪಾಯಿ ಬರಬೇಕು, ಅದರಲ್ಲಿ ಒಂದು ಕೆಟ್ಟು ವಾಪಸು ಬರುತ್ತದೆ ಎಂದಿಟ್ಟುಕೊಳ್ಳಿ. ಉಳಿದ ಒಂಬತ್ತೇ ಆ ಭಾರ ಹೊರಬೇಕು, ಅಂದರೆ ಒಂದಕ್ಕೆ 556. ಹದಿನೈದು ದಿನ ಬದಲಿ ಕೊಡುವುದಾದರೆ 560 ಹೇಳಿ, ವಾಪಸಿಲ್ಲ ಎಂದರೆ 500ಕ್ಕೆ ಬಿಡಿ. ಎರಡೂ ದರ ಒಟ್ಟಿಗೇ ಹೇಳಿ. ನಮ್ಮ ಕಡೆಯವರು ಹೆಚ್ಚಾಗಿ ಮೊದಲನೆಯದನ್ನೇ ಒಪ್ಪುತ್ತಾರೆ.

ಊರನ್ನೂ ನೋಡಿ. ಇಂಡಿಯವರು ಇಂಡಿ ರೋಡಿನಲ್ಲಿ ರೈಲು ಹತ್ತಿದರೆ ಸೊಲ್ಲಾಪುರ, ಆದ್ದರಿಂದ ನಿಮ್ಮ ದರ ಅಲ್ಲಿಯ ಪೇಟೆಯ ದರಕ್ಕೆ ತೂಗಬೇಕು. ಬಾಗೇವಾಡಿಯ ಹೆಸರು ಹೊತ್ತ ಸ್ಟೇಷನ್ನೂ ಊರಿನಿಂದ ದೂರವೇ. ಮುದ್ದೇಬಿಹಾಳಕ್ಕೆ ರೈಲೇ ಇಲ್ಲ. ನಾಳೆ ಬೆಳಿಗ್ಗೆಯ ಬಸ್ಸಿಗೆ ಬೋರ್ಡ್ ಬೇಕೆನ್ನುವ ಅಲ್ಲಿಯ ಅಂಗಡಿಯವರು ನೂರಿನ್ನೂರಕ್ಕೆ ಜಗ್ಗಾಡುವುದಿಲ್ಲ.

ಜಿಎಸ್‌ಟಿ ನೋಂದಣಿ ಇದ್ದರೆ ಹಳೆ ಮಾಲಿಗೆ ಲಾಭದಂಶದ ಮೇಲಷ್ಟೇ ತೆರಿಗೆ ಕಟ್ಟುವ ದಾರಿ ನಿಯಮ 32(5)ರಲ್ಲಿದೆ. ಕೊಳ್ಳುವಾಗಿನ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆದಿರಬಾರದು. ಆಡಿಟರನ್ನು ಒಮ್ಮೆ ಕೇಳಿಕೊಳ್ಳಿ.

ಡಿಸ್ಕ್ ಮಾರುವ ಮುನ್ನ ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿ ಕೈತೊಳೆದುಕೊಳ್ಳಬೇಡಿ. ತರಬೇತಿ ಕೇಂದ್ರವೆಂದ ಮೇಲೆ ಮಕ್ಕಳ ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರದ ಸ್ಕ್ಯಾನ್‌ಗಳು ಅದರಲ್ಲಿ ಇದ್ದೇ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ಅವನ್ನು ಹೊರತೆಗೆಯಬಹುದು. ಪೂರ್ತಿ ಡಿಸ್ಕಿನ ಮೇಲೆ ಸೊನ್ನೆ ಬರೆಸಬೇಕು, 500 ಜಿಬಿಗೆ ಸುಮಾರು ಎರಡು ತಾಸು ಹಿಡಿಯುತ್ತದೆ. ಆ ಎರಡು ತಾಸಿನ ಕೂಲಿಯನ್ನೂ ದರದಲ್ಲಿ ಸೇರಿಸಿಕೊಳ್ಳಿ.